ಕ್ಲಿನಿಕ್ ಮುಂದೆ ರ‍್ಯಾಂಪ್ ಹಾಕಿಸಿದರೆ ಸಾಕಾ?

ಕೊಪ್ಪಳದಲ್ಲಿ ಕ್ಲಿನಿಕ್ ಕಟ್ಟಿಸುತ್ತಿದ್ದೇವೆ, ವೀಲ್‌ಚೇರ್‌ನವರಿಗೆ ಒಂದು ರ‍್ಯಾಂಪ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಆದರೆ ಪಾಯ ತೆಗೆಯುವ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು.

ನಾನು ರಾಯಚೂರಿನಲ್ಲಿ ಕಟ್ಟಡದ ಕೆಲಸ ಮಾಡಿಸುತ್ತೇನೆ. ನನ್ನ ಅಣ್ಣ ಓಡಾಡೋದು ವೀಲ್‌ಚೇರ್‌ನಲ್ಲಿ.

ಮೊದಲು ಪ್ಲಿಂತ್ ಎತ್ತರ, ಅಂದರೆ ಹೊರಗಿನ ನೆಲಕ್ಕಿಂತ ಕಟ್ಟಡದ ಒಳಗಿನ ನೆಲ ಎಷ್ಟು ಮೇಲಿರುತ್ತೆ ಅನ್ನೋದನ್ನು ನೋಡಿ. ಮಳೆ ನೀರು ಒಳಗೆ ಬರಬಾರದು ಅಂತ ನಮ್ಮ ಕಡೆ 3 ಅಡಿ ಎತ್ತರಿಸಿಬಿಡುತ್ತಾರೆ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು. ಅಂದರೆ 3 ಅಡಿ ಏರಲು 36 ಅಡಿ ಉದ್ದ ಬೇಕು, ನಡುವೆ ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬೇರೆ. ಸಣ್ಣ ಸೈಟಿನಲ್ಲಿ ಅಷ್ಟು ಎಲ್ಲಿ ಹಿಡಿಸುತ್ತೆ? ಕೊನೆಗೆ ಗೌಂಡಿ 10 ಅಡಿಯಲ್ಲೇ ಮುಗಿಸುತ್ತಾನೆ. ಅಂಥ ಏರಿನಲ್ಲಿ ಅಣ್ಣನ ಕುರ್ಚಿ ಹಿಂದಕ್ಕೆ ವಾಲಿ, ನಾನು ಎರಡು ಸಲ ಹಿಡಿದಿದ್ದೇನೆ. ಪ್ಲಿಂತ್ ಒಂದೂವರೆ ಅಡಿಗೆ ಇಳಿಸಿ, 18 ಅಡಿಯಲ್ಲಿ ಆಗುತ್ತದೆ. ನೀರಿಗೆ ಸುತ್ತ ಚರಂಡಿ ಮಾಡಿಸಿ.

ಎರಡೂ ಕಡೆ ರೇಲಿಂಗ್ ಬೇಕು. ಆದರೆ ಏಪ್ರಿಲ್ ಮಧ್ಯಾಹ್ನ ಸ್ಟೀಲ್ ಪೈಪ್ ಮುಟ್ಟಿ ನೋಡಿದ್ದೀರಾ? ಅಣ್ಣ ಟವೆಲ್ ಕೈಗೆ ಸುತ್ತಿಕೊಂಡೇ ಹಿಡಿಯೋದು. ಮೇಲೆ ನೆರಳು ಹಾಕಿಸಿ. ಪಾಲಿಶ್ ಗ್ರಾನೈಟ್ ಬೇಡವೇ ಬೇಡ, ಒದ್ದೆಯಾದರೆ ಊರುಗೋಲು ಜಾರುತ್ತದೆ. ಒರಟು ಫರ್ಸಿ ಕಲ್ಲು ಸಾಕು.

ಜಾಸ್ತಿ ಕಷ್ಟ ಇರೋದು ಟಾಯ್ಲೆಟ್‌ನಲ್ಲಿ. ಒಂದು ಕಚೇರಿಯಲ್ಲಿ ಬಾಗಿಲ ಮೇಲೆ ವೀಲ್‌ಚೇರ್ ಚಿತ್ರ ಇತ್ತು. ಆದರೆ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲೇ ಆಗಲಿಲ್ಲ. ನಾನು ಬೆನ್ನು ತಿರುಗಿಸಿ ಅಡ್ಡ ನಿಂತೆ. ಅವತ್ತಿನಿಂದ ಹೊರಗೆ ಹೋಗೋ ದಿನ ಅಣ್ಣ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಈ ಬಿಸಿಲಲ್ಲಿ! ದಯವಿಟ್ಟು ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಇಡಿಸಿ. ತೆರೆದಾಗ 90 ಸೆಂ.ಮೀ. ದಾರಿ, ಒಳಗೆ ಕುರ್ಚಿ ತಿರುಗಲು 150 ಸೆಂ.ಮೀ. ಖಾಲಿ ಜಾಗ, ಕಮೋಡ್ ಪಕ್ಕ ಮೈಭಾರ ತಡೆಯುವ ಹಿಡಿಕೆ.

ಕಣ್ಣು ಕಾಣದವರಿಗೆ ಬಾಗಿಲ ಪಕ್ಕ ಬ್ರೈಲ್ ಮತ್ತು ಉಬ್ಬಿದ ಅಕ್ಷರ ಇರಲಿ. ಕಿವಿ ಕೇಳದವರಿಗೆ ಟೋಕನ್ ನಂಬರ್ ಕಾಣಬೇಕು, ಸುಮ್ನೆ ಕೂಗಿದರೆ ಆಗಲ್ಲ ಅಲ್ವಾ?

ಇದು ದಯೆಯ ಮಾತಲ್ಲ. ನಿಯಮದಂತಿಲ್ಲದ ಪ್ಲಾನ್‌ಗೆ ಅನುಮತಿ ಕೊಡಬಾರದು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇದೆ.

ಪಾಯಕ್ಕೆ ಸುಣ್ಣದ ಗೆರೆ ಹಾಕಿದ ದಿನ ವೀಲ್‌ಚೇರ್ ಬಳಸುವವರೊಬ್ಬರನ್ನು ಕರೆಸಿ. ಗೆರೆಯೊಳಗೆ ಕುರ್ಚಿ ತಿರುಗಿಸಿ ನೋಡಲಿ. ಚಕ್ರ ಗೆರೆ ದಾಟಿದರೆ ಅಲ್ಲೇ ಗೆರೆ ಸರಿಸಿ. ಯಾರೂ ಸಿಗದಿದ್ದರೆ ಹೇಳಿ, ಅಣ್ಣನನ್ನು ಕರೆದುಕೊಂಡು ನಾನೇ ಬರುತ್ತೇನೆ.