‘ನನ್ನ ಕೈಯಲ್ಲಿರಲಿಲ್ಲ’ ಎಂದು ಬಂದವನಿಗೆ

ಅಂಕೋಲಾ ಕಡೆಯ ಓದುಗರೊಬ್ಬರ ಪತ್ರ: “ಮನುಷ್ಯನ ಇಚ್ಛೆಯ ಬಗ್ಗೆ ನೀವು ಕಳೆದ ಸಂಚಿಕೆಯಲ್ಲಿ ಬರೆದದ್ದನ್ನು ಓದಿದೆ. ನಾವು ಮಾಡುವುದಕ್ಕೆಲ್ಲ ಮಿದುಳು, ಹುಟ್ಟು, ಬೆಳೆದ ರೀತಿಯೇ ಕಾರಣ, ಒಳಗೆ ಬೇರೆ ಯಾರೋ ಕೂತು ತೀರ್ಮಾನ ಮಾಡುವುದಿಲ್ಲ ಎಂದಿದ್ದೀರಿ. ಕಳೆದ ಮಳೆಗಾಲದಲ್ಲಿ ಕುಡಿದು ಬೈಕ್ ಓಡಿಸುತ್ತಿದ್ದ ಹುಡುಗ ನನ್ನ ಮಗಳಿಗೆ ಗುದ್ದಿದ. ಕಾಲು ಎರಡು ಕಡೆ ಮುರಿಯಿತು. ಮೂರು ತಿಂಗಳ ಮೇಲೆ ಅವನು ತಾಯಿಯ ಜತೆ ಮನೆಗೆ ಬಂದು ‘ಕುಡಿದಿದ್ದೆ, ನನ್ನ ಕೈಯಲ್ಲಿರಲಿಲ್ಲ’ ಎಂದ. ನಿಮ್ಮ ಲೆಕ್ಕದಲ್ಲಿ ಅವನು ಹೇಳಿದ್ದು ಸರಿ ಅಲ್ವಾ? ಹಾಗಾದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ?”

ನಿಮ್ಮ ಪತ್ರ ಬಂದು ಎರಡು ವಾರ ಆಯಿತು. ಬೇಗ ಉತ್ತರ ಬರೆಯಲು ಆಗಲಿಲ್ಲ. ಬರೆದದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಲೇಖನವನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಉಳಿದರ್ಧವನ್ನು ನೀವು ಕೇಳಿದ್ದೀರಿ. ಅದಕ್ಕೆ ನನ್ನ ದೊಡ್ಡಪ್ಪನ ವಿಷಯ ಹೇಳಬೇಕು.

ಶಿರಸಿಯ ಹತ್ತಿರ ಅವರ ಅಡಿಕೆ ತೋಟ. ಇಸ್ಪೀಟು ಕೂಡ ಮುಟ್ಟಿದವರಲ್ಲ. ವಯಸ್ಸಾದ ಮೇಲೆ ಪಾರ್ಕಿನ್ಸನ್ ಕಾಯಿಲೆ ಬಂತು. ಕವಳ ಹಾಕಲು ಕೂತರೆ ಎಲೆಗೆ ಸುಣ್ಣ ಹಚ್ಚಲಿಕ್ಕೆ ಆಗುತ್ತಿರಲಿಲ್ಲ, ಬೆರಳು ಅಷ್ಟು ನಡುಗುತ್ತಿತ್ತು. ಮಾತ್ರೆ ಶುರುವಾಯಿತು, ನಡುಕ ಇಳಿಯಿತು. ವರ್ಷ ಕಳೆಯುವುದರೊಳಗೆ ದೊಡ್ಡಪ್ಪ ಓಸಿ ಜೂಜು ಆಡತೊಡಗಿದ್ದರು. ಗೋಡೆಗೆ ತೂಗುಹಾಕಿದ ಪಂಚಾಂಗದ ಅಂಚಿನ ತುಂಬ ಪೆನ್ಸಿಲಿನಲ್ಲಿ ಬರೆದ ನಂಬರುಗಳು. ಏಕಾದಶಿಯ ಪಕ್ಕ 47, ಅಮಾವಾಸ್ಯೆಯ ಕೆಳಗೆ 83. ಅಂಗಡಿಯಲ್ಲಿ ಸಾಲ. ದೊಡ್ಡಮ್ಮ ಅಳುತ್ತ ಫೋನ್ ಮಾಡಿದಾಗ ನಾನು ಹೋಗಿ ಬೈದೆ. “ಈ ವಯಸ್ಸಿನಲ್ಲಿ ನಾಚಿಕೆ ಆಗೋದಿಲ್ವಾ” ಎಂದೆ. ಅವರು ತಲೆ ಎತ್ತಲಿಲ್ಲ.

ಮುಂದಿನ ಸಲ ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರೇ ಕೇಳಿದರು: “ಜೂಜು, ಖರ್ಚು ಏನಾದರೂ ಜಾಸ್ತಿ ಆಗಿದೆಯಾ?” ನಡುಕಕ್ಕೆ ಕೊಟ್ಟಿದ್ದು ಪ್ರಾಮಿಪೆಕ್ಸೋಲ್ ಎಂಬ ಮಾತ್ರೆ. ಅದು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನೇ ಮಾಡುತ್ತದೆ. ಆ ಜಾತಿಯ ಮಾತ್ರೆಗಳು ಕೆಲವರಲ್ಲಿ ಜೂಜಿನ ಚಟ, ಸಿಕ್ಕಿದ್ದೆಲ್ಲ ಕೊಳ್ಳುವ ಚಟ ಹುಟ್ಟಿಸುತ್ತವೆ ಎನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯ. ಸ್ವಲ್ಪ ಸ್ವಲ್ಪವೇ ಇಳಿಸಿ ಬೇರೆ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಪಂಚಾಂಗದ ಅಂಚು ಮೊದಲಿನಂತೆ ಖಾಲಿಯಾಯಿತು.

ನಾನು ಬೈದಿದ್ದು ಯಾರನ್ನು? ಈ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಲೇಖನ ಹುಟ್ಟಿದ್ದೂ ಅಲ್ಲಿಂದಲೇ.

ಲೇಖನದಲ್ಲಿ ನಾನು ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೆ. ಮನಸ್ಸು ಬಂದಾಗ ಮಣಿಕಟ್ಟು ಅಲ್ಲಾಡಿಸಿ ಎಂದರೆ, ಅಲ್ಲಾಡಿಸುವ ಸುಮಾರು ಅರ್ಧ ಸೆಕೆಂಡು ಮೊದಲೇ ಮಿದುಳಿನಲ್ಲಿ ಸಿದ್ಧತೆಯ ಗುರುತು ಕಾಣುತ್ತಿತ್ತು. ‘ಈಗ’ ಎಂದು ಮನಸ್ಸಿಗೆ ಅನಿಸುತ್ತಿದ್ದದ್ದು ಸುಮಾರು 0.2 ಸೆಕೆಂಡು ಮೊದಲು. ಆದರೆ ಆ ಗುರುತು ತೀರ್ಮಾನ ಆಗಿಹೋದದ್ದನ್ನು ತೋರಿಸದೆ, ಮಿದುಳಿನ ಸಹಜ ಏರಿಳಿತವನ್ನಷ್ಟೇ ತೋರಿಸುತ್ತಿರಬಹುದು ಎಂದು 2012ರಲ್ಲಿ ಇನ್ನೊಬ್ಬ ಮಿದುಳು ವಿಜ್ಞಾನಿ ಆರನ್ ಶರ್ಗರ್ ಮತ್ತು ಜತೆಗಾರರು ವಾದಿಸಿದರು. ಅದನ್ನೂ ನಾನು ಬರೆಯಬೇಕಿತ್ತು. ನನಗೆ ಮಾತ್ರ ಆ ಅರ್ಧ ಸೆಕೆಂಡಿಗಿಂತ ದೊಡ್ಡಪ್ಪನ ಪಂಚಾಂಗವೇ ದೊಡ್ಡ ಸಾಕ್ಷಿ. ಒಂದು ಮಾತ್ರೆ ಮನುಷ್ಯನ ಆಸೆಯನ್ನೇ ಬದಲಿಸಬಹುದು. ಬೇಸಾಯದ ಮನೆಯವರಾದ ನಮಗೆ ಇದು ಕಷ್ಟದ ಮಾತಲ್ಲ. ಮಣ್ಣು, ಮಳೆ, ಬೀಜ ನೋಡದೆ ಬೆಳೆಯ ಬಗ್ಗೆ ನಾವು ಮಾತಾಡುವುದೇ ಇಲ್ಲವಲ್ಲ.

ಇದನ್ನು ಹಣೆಬರಹದ ಜತೆ ಕಲಸಬೇಡಿ. ಬುದ್ಧನ ಕಾಲದ ಮಕ್ಖಲಿ ಗೋಸಾಲ ಎಲ್ಲವೂ ನಿಯತಿ ಎಂದವನು. ಎಸೆದ ನೂಲಿನ ಉಂಡೆ ಬಿಚ್ಚಿಕೊಳ್ಳುತ್ತ ಹೋಗುವ ಹಾಗೆ ಮೂರ್ಖ, ಜಾಣ ಇಬ್ಬರೂ ತಮ್ಮ ಪಾಡು ಮುಗಿಸುತ್ತಾರೆ, ಯಾರ ಪ್ರಯತ್ನದಿಂದಲೂ ಏನೂ ಆಗದು ಎನ್ನುವುದು ಅವನ ಮಾತು ಎಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಅಡಿಕೆಗೆ ಕೊಳೆರೋಗ ಬರುವುದೇ ಇದ್ದರೆ ಬರುತ್ತದೆ ಎಂದು ನೀವು ಸುಮ್ನೆ ಕೂರುತ್ತೀರಾ? ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಮದ್ದು ಹೊಡೆಸುತ್ತೀರಿ, 40–45 ದಿನಕ್ಕೆ ಮತ್ತೊಮ್ಮೆ ಹೊಡೆಸುತ್ತೀರಿ. ಕೊಳೆಗೆ ಕಾರಣ ಇದೆ, ಅದಕ್ಕೇ ಮದ್ದು ಕೆಲಸ ಮಾಡುತ್ತದೆ. ಹೊಡೆದ ಮದ್ದೂ ಒಂದು ಕಾರಣವೇ.

ಮನುಷ್ಯನಿಗೆ ಹೊಡೆಯುವ ಮದ್ದು ಬೇರೆ. ಅದು ಮಾತು.

ಮಳೆಗಾಲದ ಒಂದು ರಾತ್ರಿ ನಮ್ಮೂರಿನ ಕಡೆ ತಾಳಮದ್ದಳೆ. ಕೌರವನ ಅರ್ಥ ಹೇಳುತ್ತಿದ್ದವರು “ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ” ಶ್ಲೋಕ ಹಿಡಿದರು. ಧರ್ಮ ಗೊತ್ತು, ಮನಸ್ಸು ಆ ಕಡೆ ಹೋಗುವುದಿಲ್ಲ. ಎದೆಯೊಳಗೆ ಕೂತ ಯಾವುದೋ ದೇವರು ನಡೆಸಿದಂತೆ ನಡೆಯುತ್ತೇನೆ, ನನ್ನದೇನು ತಪ್ಪು? ನಿಮ್ಮ ಮನೆಗೆ ಬಂದ ಹುಡುಗನ ಮಾತೇ ಅದು. ಎದುರಿಗೆ ಕೃಷ್ಣನ ಅರ್ಥ ಹೇಳುವವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಹಾಗಾದರೆ ಇಷ್ಟು ಹೊತ್ತು ನನ್ನ ಜತೆ ವಾದ ಮಾಡಿದ್ದು ಯಾರು?”

ನನಗೆ ಉತ್ತರ ಸಿಕ್ಕಿದ್ದು ಅಲ್ಲಿ. ವಾದ ಕೇಳಿ, ತೂಗಿ, ತಿರುಗಿ ಮಾತಾಡುವ ಮಿದುಳೂ ಪ್ರಕೃತಿಯದ್ದೇ. ನಮ್ಮ ‘ಜವಾಬ್ದಾರಿ’ಯೊಳಗೆ ‘ಜವಾಬು’ ಇದೆ, ನೋಡಿ. ಕೇಳಿದರೆ ಜವಾಬು ಕೊಡಬಲ್ಲವನು, ಸರಿಯಾದ ಮಾತು ಕಿವಿಗೆ ಬಿದ್ದರೆ ದಾರಿ ಬದಲಿಸಬಲ್ಲವನು ಜವಾಬ್ದಾರ. ಅದಕ್ಕೆ ಕಾರಣಗಳ ಸರಪಳಿಯ ಹೊರಗೆ ನಿಲ್ಲಬೇಕಾಗಿಲ್ಲ.

ನಮ್ಮ ಕಾನೂನು ಕೂಡ ಹೆಚ್ಚುಕಡಿಮೆ ಇದನ್ನೇ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 84, ಮನಸ್ಸಿನ ಸ್ಥಿಮಿತ ಇಲ್ಲದೆ ತಾನು ಮಾಡುವುದೇನೆಂದೇ ಅರಿಯದವನನ್ನು ಅಪರಾಧಿ ಎನ್ನುವುದಿಲ್ಲ. 23ನೇ ಕಲಂ ಅಮಲಿನದ್ದು. ಗೊತ್ತಿಲ್ಲದೆ ಅಥವಾ ಒತ್ತಾಯದಿಂದ ಕುಡಿಸಿದ್ದರೆ ಮಾತ್ರ ವಿನಾಯಿತಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮಿತಿ ಇರುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ. ನಾಲ್ಕನೇ ಗ್ಲಾಸಿನ ಮೇಲೆ ಆ ಹುಡುಗನ ಕೈಯಲ್ಲಿ ಏನೂ ಇರಲಿಲ್ಲ ಎನ್ನುವುದು ನಿಜವೇ ಇರಬಹುದು. ಮೊದಲ ಗ್ಲಾಸಿಗೆ ಮುಂಚೆ ಬೈಕಿನ ಕೀಲಿಕೈ ಅವನ ಕೈಯಲ್ಲೇ ಇತ್ತು. ಕುಡಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ದೊಡ್ಡಪ್ಪನಿಗೆ ಮಾತ್ರೆಯ ಬಗ್ಗೆ ಗೊತ್ತಿರಲಿಲ್ಲ.

ನಿಮಗೆ ಬೇಸರ ಆಗಬಹುದಾದ ಮಾತೊಂದಿದೆ, ಅದನ್ನೂ ಹೇಳುತ್ತೇನೆ. ಅವನ ಕುಡಿತಕ್ಕೂ ಕಾರಣಗಳಿವೆ. ಎಂಥ ಮನೆಯಲ್ಲಿ ಹುಟ್ಟಬೇಕು, ಎಂಥ ಸ್ನೇಹಿತರು ಸಿಗಬೇಕು ಎಂದು ಅವನು ಆರಿಸಿಕೊಂಡಿಲ್ಲ. ಅವನು ನೋಯಬೇಕು, ನೋವಿಗೆ ನೋವು ಸಮ ಆಗಬೇಕು ಎನ್ನುವುದನ್ನು ನಾನು ಆದ್ದರಿಂದಲೇ ಒಪ್ಪುವುದಿಲ್ಲ. ಲೈಸೆನ್ಸ್ ಕಿತ್ತುಕೊಳ್ಳಲಿ, ಆಸ್ಪತ್ರೆಯ ಖರ್ಚು ಅವನೇ ಕೊಡಲಿ, ಬೇಕಾದರೆ ಜೈಲಿಗೂ ಹೋಗಲಿ. ಆದರೆ ಅದೆಲ್ಲ ಇನ್ನೊಬ್ಬರ ಮಗಳ ಕಾಲು ಮುರಿಯದಿರಲಿ ಅಂತ, ನಿಮ್ಮ ಮಗಳಿಗೆ ಆದ ನಷ್ಟ ತುಂಬಲಿ ಅಂತ.

ಸಿಟ್ಟು? ಮಾಡಿ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ಹೇಳಿದ್ದು ನನಗೆ ಸರಿ ಕಾಣುತ್ತದೆ. ಯಾರೋ ಗೊತ್ತಿಲ್ಲದೆ ನಮ್ಮ ಕೈ ತುಳಿದರೂ ನೋವು ಅಷ್ಟೇ, ಬೇಕೆಂದೇ ತುಳಿದರೂ ಅಷ್ಟೇ. ಸಿಟ್ಟು ಬರುವುದು ಎರಡನೆಯದಕ್ಕೆ. ನಮ್ಮನ್ನು ಅವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲವಲ್ಲ ಎಂಬ ಸಿಟ್ಟು ಅದು. ಕೊಳೆರೋಗದ ಮೇಲೆ ಯಾರೂ ಹಾಗೆ ಸಿಟ್ಟಾಗುವುದಿಲ್ಲ. ಹುಡುಗನ ಮೇಲೆ ಸಿಟ್ಟಾದಿರಿ ಎಂದರೆ ಅವನನ್ನು ಮನುಷ್ಯ ಎಂದು ಎಣಿಸಿದಿರಿ.

ದೊಡ್ಡಪ್ಪನ ಕಥೆ ಪೂರ್ತಿ ಹೇಳಿಲ್ಲ. ಅಡಿಕೆ ಮಾರಿದ ದುಡ್ಡು ಬಂದ ದಿನವೇ ಅವರು ಅಂಗಡಿಗೆ ನಡೆದರು. ಅದು ಮಾತ್ರೆ ಮಾಡಿಸಿದ್ದು, ನೀವ್ಯಾಕೆ ಇಷ್ಟು ಹಚ್ಚಿಕೊಳ್ಳುತ್ತೀರಿ ಎಂದೆ. “ಸಾಲ ಇಸ್ಕಂಡಿದ್ದು ಆನು, ಮಾತ್ರೆ ಅಲ್ಲ” ಎಂದರು. ಮನೆಗೆ ಬಂದು ಕಪಾಟಿನ ಕೀಲಿಕೈ ದೊಡ್ಡಮ್ಮನ ಕೈಗೆ ಕೊಟ್ಟರು. ಪಂಚಾಂಗದ ಹಿಂದಿನ ಪುಟದಲ್ಲಿ ಆ ಮಾತ್ರೆಯ ಹೆಸರು ಬರೆದಿಟ್ಟರು. ಈಗ ಯಾವ ಹೊಸ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಹೇಳುತ್ತಾರೆ.

ಆ ಹುಡುಗ ಮತ್ತೆ ಬಂದರೆ ಜಗುಲಿಯಲ್ಲಿ ಕೂರಿಸಿ. ಅವನು ಕ್ಷಮೆ ಕೇಳಿದನೋ ಇಲ್ಲವೋ ಎನ್ನುವುದನ್ನು ಆಮೇಲೆ ನೋಡೋಣ. ಕುಡಿಯಲು ಹೋಗುವಾಗ ಈಗ ಕೀಲಿಕೈ ಯಾರ ಹತ್ತಿರ ಕೊಟ್ಟು ಹೋಗುತ್ತೀಯಾ ಎಂದು ಕೇಳಿ. ತಾಯಿಯ ಮುಖ ನೋಡದೆ ಅವನೇ ಜವಾಬು ಕೊಡುತ್ತಾನಾ ಗಮನಿಸಿ.

ಮಗಳು ಈಗ ಹೇಗಿದ್ದಾಳೆ ಎಂದು ನೀವು ಬರೆದಿಲ್ಲ. ಮೆಟ್ಟಿಲು ಹತ್ತುತ್ತಾಳಾ? ಬರೆಯಿರಿ.

– ಸಂ.