ಮೂರು ತಲೆಮಾರು ಕಳೆದರೂ ಫ್ರಾಂಕ್ ಪೆಪೆ ಹೋಟೆಲಿನ ಪಿಜ್ಜಾ ರುಚಿ ಬದಲಾಗದೆ ಉಳಿದದ್ದು ಹೇಗೆ?

ಮುಖ್ಯ ಕಾರಣ ಒಲೆ. ಮನೆಯವರು ಎಷ್ಟೇ ಬದಲಾದರೂ ಕಲ್ಲಿದ್ದಲಿನ ಇಟ್ಟಿಗೆ ಒಲೆಯನ್ನು ಬಿಡಲಿಲ್ಲ.

ಫ್ರಾಂಕ್ ಪೆಪೆ ಇಟಲಿಯ ಅಮಾಲ್ಫಿ ಕರಾವಳಿಯ ಮಾಯೋರಿ ಊರಿನವರು. ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದು, 1925ರಲ್ಲಿ ನ್ಯೂ ಹೇವನ್ ನಗರದ ವೂಸ್ಟರ್ ಸ್ಟ್ರೀಟಿನಲ್ಲಿ ಅಂಗಡಿ ಹಾಕಿದರು. ಆಮೇಲೆ ಹೆಣ್ಣುಮಕ್ಕಳು ನಡೆಸಿದರು, ಅವರ ನಂತರ ಮೊಮ್ಮಕ್ಕಳು.

ಈಗ ಒಲೆಯ ವಿಷಯಕ್ಕೆ ಬರೋಣ. ಸೌದೆಯಲ್ಲಿ ಎಷ್ಟು ಒಣಗಿಸಿದರೂ ಸ್ವಲ್ಪ ನೀರಿನಂಶ ಇದ್ದೇ ಇರುತ್ತದೆ. ಒಳ್ಳೆಯ ಕಲ್ಲಿದ್ದಲಿನಲ್ಲಿ ಅದು ತುಂಬಾ ಕಡಿಮೆ, ಹಾಗಾಗಿ ಒಲೆಯೊಳಗಿನ ಕಾವು ಒಣದಾಗಿರುತ್ತದೆ, ಜಾಸ್ತಿ ಹೊತ್ತು ಒಂದೇ ಸಮನೆ ನಿಲ್ಲುತ್ತದೆ. ದಪ್ಪ ಇಟ್ಟಿಗೆಗಳು ಆ ಕಾವನ್ನು ಹೀರಿಟ್ಟುಕೊಂಡು ಕೆಳಗಿನಿಂದ ಹಿಟ್ಟಿಗೆ ಕೊಡುತ್ತವೆ. ಕಾದ ಕಾವಲಿಗೆ ಹಿಟ್ಟು ಬಿದ್ದ ಕೂಡಲೇ ದೋಸೆಯ ತಳ ಗರಿಗರಿ ಆಗುತ್ತದಲ್ವಾ, ಹಾಗೆ. ಅಂಚಿನಲ್ಲಿ ಅಲ್ಲಲ್ಲಿ ಕಪ್ಪಗೆ ಸುಟ್ಟ ಗುಳ್ಳೆಗಳು, ಕಚ್ಚಿದರೆ ಒಳಗೆ ಮೆತ್ತಗೆ.

ಅವರ ಹೆಸರಾಂತ ಬಿಳಿ ಪಿಜ್ಜಾದಲ್ಲಿ ಟೊಮೆಟೊ ಇರುವುದೇ ಇಲ್ಲ. ನಮ್ಮ ಕರಾವಳಿಯವರು ಮರ್ವಾಯಿ ಅನ್ನುತ್ತಾರಲ್ಲ, ಆ ಜಾತಿಯ ಚಿಪ್ಪಿನ ಮಾಂಸ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಆಲಿವ್ ಎಣ್ಣೆ, ತುರಿದ ಚೀಸ್, ಇಷ್ಟೇ. ಇಷ್ಟು ಕಡಿಮೆ ಸಾಮಾನಿದ್ದಾಗ ಬೇಯಿಸುವ ರೀತಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಮೊಮ್ಮಕ್ಕಳ ಕಾಲದಲ್ಲಿ ಬೇರೆ ಊರುಗಳಲ್ಲಿ ಶಾಖೆ ತೆರೆದಾಗಲೂ ಗ್ಯಾಸ್ ಒಲೆಗೆ ಹೋಗದೆ, ಹಳೆಯ ಒಲೆಯನ್ನೇ ನೋಡಿಕೊಂಡು ಹೊಸ ಒಲೆಗಳನ್ನು ಕಟ್ಟಿಸಿದರು. ನನ್ನ ಪ್ರಕಾರ ಆ ಕುಟುಂಬ ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಅದು.