ಮೆಡಿಕಲ್ ಶಾಪ್ ಚೆನ್ನಾಗಿದೆಯಾ ಅಂತ ತಿಳಿಯೋದು ಹೇಗೆ?

ಫಾರ್ಮಸಿ ಓದುತ್ತಿರುವ ನೀವು, ನಮ್ಮಂಥ ದೇಶಗಳಲ್ಲಿ ಮೆಡಿಕಲ್ ಶಾಪಿನ ಸೇವೆಯನ್ನು ಅಳೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ದಕ್ಷಿಣ ಕೊಡಗಿನ ಒಂದು ಪೇಟೆಯಲ್ಲಿ ಹನ್ನೆರಡು ವರ್ಷದಿಂದ ಫಾರ್ಮಸಿಸ್ಟ್. ಅಂಗಡಿಯವರನ್ನು ಕೇಳುವುದಕ್ಕಿಂತ ಔಷಧಿ ತಗೊಂಡು ಮೆಟ್ಟಿಲಿಳಿದವರನ್ನು ಕೇಳಿ ಅಂತ ನಾನು ಹೇಳುತ್ತೇನೆ.

ಲೈಸೆನ್ಸ್, ಬಿಲ್ಲು, ಎಚ್1 ರಿಜಿಸ್ಟರ್ (ಕೆಲವು ಆಂಟಿಬಯೋಟಿಕ್‌ನಂಥ ಔಷಧಿಗಳನ್ನು ಯಾರಿಗೆ ಕೊಟ್ಟೆವು ಅಂತ ಬರೆದಿಡುವ ಪುಸ್ತಕ) ನೋಡಲೇಬೇಕು. ಆದರೆ ಇವೆಲ್ಲ ಸರಿಯಿದ್ದೂ ಕೆಲಸ ಕೆಡುತ್ತದೆ. ಒಂದು ಸಂತೆ ದಿನ, ಅಂಗಡಿ ತುಂಬ ಜನ. ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಿಂದ ಬಂದ ಒಬ್ಬ ಅಮ್ಮನಿಗೆ ಬಿಪಿ ಮಾತ್ರೆ ಕೊಟ್ಟು, ಕವರ್ ಮೇಲೆ 1-0-1, ಅಂದರೆ ಬೆಳಿಗ್ಗೆ ಒಂದು ರಾತ್ರಿ ಒಂದು, ಅಂತ ಬರೆದು ಕಳಿಸಿದೆ. ತಿಂಗಳು ಕಳೆದು ಬಂದಾಗ ಮುಕ್ಕಾಲು ಮಾತ್ರೆ ಹಾಗೇ ಇತ್ತು. "ತಲೆನೋವು ಬಂದಾಗ ಮಾತ್ರ ತಗೊಂಡೆ ಅಣ್ಣ" ಅಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ. ಅವತ್ತಿನಿಂದ ಕವರ್ ಮೇಲೆ ಸೂರ್ಯ, ಚಂದ್ರ ಬರೆಯುತ್ತೇನೆ. "ಹೇಗೆ ತಗೊಳ್ತೀರಿ, ಹೇಳಿ ನೋಡೋಣ" ಅಂತ ಅವರ ಬಾಯಲ್ಲೇ ಹೇಳಿಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಆರೋಗ್ಯ ಕೇಂದ್ರಗಳಿಗಾಗಿ ಕೊಟ್ಟ ಅಳತೆಗಳಲ್ಲೂ ಇದಿದೆ: ಔಷಧಿ ಕೊಡುವಾಗ ಎಷ್ಟು ಹೊತ್ತು ಕೊಟ್ಟರು, ಕವರ್ ಮೇಲೆ ಸರಿಯಾಗಿ ಬರೆದರಾ, ರೋಗಿಗೆ ಡೋಸ್ ಗೊತ್ತಾ. ಇದರ ಜೊತೆಗೆ ನೀವು ಕತ್ತರಿಸಿದ ಸ್ಟ್ರಿಪ್ಪನ್ನೂ ನೋಡಿ. ನಮ್ಮಲ್ಲಿ ನಾಲ್ಕೇ ಮಾತ್ರೆ ಕೇಳುವವರು ಜಾಸ್ತಿ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರು, ಎಕ್ಸ್‌ಪೈರಿ ಉಳಿದಿದೆಯಾ?

ಇನ್ನೊಂದು ದಾರಿ, ಗಿರಾಕಿಯಂತೆ ಹೋಗೋದು. ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಡಬೇಕು ಅಂತ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವ ಆಂಟಿಬಯೋಟಿಕ್ಕನ್ನು ಚೀಟಿ ಇಲ್ಲದೆ ಕೊಡ್ತೀರಾ ಅಂತ ನೇರವಾಗಿ ಕೇಳಿದರೆ ಯಾರು ತಾನೇ ಹೌದು ಅಂತಾರೆ? "ಎರಡು ವರ್ಷದ ಮಗುವಿಗೆ ಭೇದಿ" ಅಂತಷ್ಟೇ ಹೇಳಿ ಸುಮ್ನೆ ನಿಲ್ಲಿ. ಎಷ್ಟು ದಿನದಿಂದ, ರಕ್ತ ಬೀಳ್ತಿದೆಯಾ, ನೀರು ಕುಡೀತಿದೆಯಾ ಅಂತ ಅಂಗಡಿಯವರು ಕೇಳಬೇಕು. ಓಆರ್‌ಎಸ್ ಮತ್ತು ಜಿಂಕ್ ಕೊಡಬೇಕು, ಜಿಂಕನ್ನು 10ರಿಂದ 14 ದಿನ ಕೊಡಿ ಅನ್ನಬೇಕು. ಏನೂ ಕೇಳದೆ ಆಂಟಿಬಯೋಟಿಕ್ ಸಿರಪ್ ಕೈಗಿಟ್ಟರೆ ಅದನ್ನೇ ಬರೆದುಕೊಳ್ಳಿ. ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ತಗೊಳ್ಳಿ, ಅಂಗಡಿಯ ಹೆಸರು ಎಲ್ಲೂ ಬರಬಾರದು.

ಕೊಡಗಿಗೆ ಬರೋದಾದರೆ ಬೇಸಿಗೆಯಲ್ಲೊಮ್ಮೆ, ಜುಲೈ ಮಳೆಯಲ್ಲೊಮ್ಮೆ ಬನ್ನಿ. ಮರ ಬಿದ್ದು ಕರೆಂಟ್ ಹೋದಾಗ ಇನ್ಸುಲಿನ್ ಇಟ್ಟ ಫ್ರಿಜ್ 2ರಿಂದ 8 ಡಿಗ್ರಿಯಲ್ಲೇ ಇದೆಯಾ ಅಂತ ಆಗಲೇ ನೋಡಬೇಕು.